‘ಎಟಿ’ ಹೋಗಿ ‘ಎಸ್‌ಎನ್’ ಆದ ರಾತ್ರಿ

ಭಾನುವಾರದ ಪೇಪರ್‌ನಲ್ಲಿ ಎರಡು ಚಿತ್ರ ಪಕ್ಕಪಕ್ಕ ಹಾಕಿ ‘ಆರು ವ್ಯತ್ಯಾಸ ಗುರುತಿಸಿ’ ಅಂತ ಕೊಡ್ತಾರಲ್ಲ, ಚಿಕ್ಕವರಿದ್ದಾಗ ನಾನೂ ನಮ್ಮಕ್ಕನೂ ಅದಕ್ಕೆ ಕಿತ್ತಾಡ್ತಿದ್ವಿ. ಸೂಪರ್‌ನೋವಾ, ಅಂದ್ರೆ ಸಿಡಿಯುವ ನಕ್ಷತ್ರ, ಅದನ್ನ ಹುಡುಕೋದೂ ಹೆಚ್ಚುಕಮ್ಮಿ ಅದೇ ಆಟ. ಆಕಾಶದ ಒಂದೇ ಜಾಗದ ಹಳೇ ಫೋಟೊ ಒಂದು, ಇವತ್ತಿನದು ಒಂದು. ಹೊಸದರಲ್ಲಿ ಹಳೆಯದನ್ನ ಕಳೀರಿ. ಏನಾದ್ರೂ ಉಳೀತಾ?

ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಮೇಲೆ ಝ್ವಿಕಿ ಟ್ರಾನ್ಸಿಯೆಂಟ್ ಫೆಸಿಲಿಟಿ ಅಂತಿದೆ. ಅದರ ಕ್ಯಾಮೆರಾ ಒಂದೇ ಕ್ಲಿಕ್‌ನಲ್ಲಿ 47 ಚದರ ಡಿಗ್ರಿ ಆಕಾಶ ಹಿಡಿಯುತ್ತೆ. 200ಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರು ಹಿಡಿಸುವಷ್ಟು ಜಾಗ. ಕಳೆಯುವ ಲೆಕ್ಕ ಸಾಫ್ಟ್‌ವೇರ್‌ನದು.

ಆದ್ರೆ ನಾನು ಹೇಳಬೇಕು ಅಂದ್ಕೊಂಡಿರೋ ಕಥೆಯಲ್ಲಿ ಮೊದಲು ಕೂಗಿದ್ದು ಮನುಷ್ಯ. 2023ರ ಮೇ 19, ನಮ್ಮಲ್ಲಿ ರಾತ್ರಿ 11 ಗಂಟೆ ಹತ್ತಿರ. ಜಪಾನ್‌ನ ಹವ್ಯಾಸಿ ಕೊಯಿಚಿ ಇತಗಾಕಿ (ಈ ಮನುಷ್ಯ ಜೀವನದಲ್ಲಿ 150ಕ್ಕೂ ಹೆಚ್ಚು ಸೂಪರ್‌ನೋವಾ ಹುಡುಕಿದ್ದಾರೆ!) ಎಂ 101 ಗ್ಯಾಲಕ್ಸಿಯಲ್ಲಿ ಹೊಸ ಚುಕ್ಕೆಯೊಂದನ್ನ ಕಂಡ್ರು. ಸಪ್ತರ್ಷಿ ಮಂಡಲದ ಬಾಲದ ಹತ್ತಿರ, ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರ. ಈ ಲೆಕ್ಕದಲ್ಲಿ ಪಕ್ಕದ ಬೀದಿ ಅನ್ನಬಹುದು.

ಹೆಸರು ಬಿತ್ತು: ಎಟಿ 2023 ಐಎಕ್ಸ್ಎಫ್. ಆ ಮೂರು ಅಕ್ಷರ ಕ್ರಮಸಂಖ್ಯೆ. ಲೆಕ್ಕ ಹಾಕಿದ್ರೆ ಆ ವರ್ಷದ 6,714ನೇ ಹೆಸರು, ಅದೂ ಮೇ ತಿಂಗಳಿಗೇ. ‘ಎಟಿ’ ಅಂದ್ರೆ ಏನೋ ಹೊಳೀತಿದೆ, ಏನು ಅಂತ ಗೊತ್ತಿಲ್ಲ ಅಂತ ಅಷ್ಟೇ. ಕ್ಷುದ್ರಗ್ರಹ ಅಡ್ಡ ಹಾದಿರಬಹುದು, ನಮ್ಮದೇ ಗ್ಯಾಲಕ್ಸಿಯ ಯಾವುದೋ ತುಂಟ ನಕ್ಷತ್ರ ಮಿನುಗಿರಬಹುದು. ‘ಎಸ್‌ಎನ್’ ಅಂತ ಬಡ್ತಿ ಸಿಗಬೇಕಾದ್ರೆ ರೋಹಿತ ಬೇಕು, ಸ್ಪೆಕ್ಟ್ರಮ್. ಬೆಳಕನ್ನ ಕಾಮನಬಿಲ್ಲಿನ ಹಾಗೆ ಬಿಡಿಸಿ ಯಾವ ಯಾವ ರೇಖೆ ಇದೆ ನೋಡೋದು. ಜಲಜನಕದ ರೇಖೆ ಇದ್ರೆ ಟೈಪ್ 2, ಇಲ್ಲದಿದ್ರೆ ಟೈಪ್ 1. ಟೈಪ್ 1ರಲ್ಲಿ ಸಿಲಿಕಾನ್ ಎದ್ದು ಕಂಡ್ರೆ 1ಎ, ಅಂದ್ರೆ ಸಿಡಿದಿದ್ದು ಶ್ವೇತಕುಬ್ಜ.

ಕೆಲವೇ ಗಂಟೆಗಳಲ್ಲಿ ಕ್ಯಾನರಿ ದ್ವೀಪದ ಲಿವರ್‌ಪೂಲ್ ಟೆಲಿಸ್ಕೋಪ್ ರೋಹಿತ ತೆಗೀತು. ಜಲಜನಕ ಇತ್ತು. ಟೈಪ್ 2, ಅಂದ್ರೆ ಭಾರೀ ನಕ್ಷತ್ರದ ಒಡಲು ಕುಸಿದು ಸಿಡಿದದ್ದು.

ಇಲ್ಲಿ ಸ್ವಲ್ಪ ನಿಲ್ಲೋಣ. ಸಿಡಿದ ವಸ್ತು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹಾರುತ್ತೆ, ಹಾಗಾಗಿ ಅದರ ರೇಖೆಗಳು ಅಗಲ. ಇಲ್ಲಿ ಕಂಡಿದ್ದು ಚೂಪು ರೇಖೆಗಳು: ಜಲಜನಕ, ಹೀಲಿಯಂ, ಇಂಗಾಲ, ಸಾರಜನಕ. ಅಂದ್ರೆ ನಿಧಾನವಾಗಿರೋ ಅನಿಲ. ಸಾಯುವ ಮುಂಚೆ ನಕ್ಷತ್ರ ತಾನೇ ಉದುರಿಸಿಕೊಂಡ ಪದರ ಅದು; ಸ್ಫೋಟದ ಬೆಳಕು ಬಿದ್ದು ಹೊಳೀತಿತ್ತು. ಒಂದು ವಾರದೊಳಗೆ ಹಿಂದಿನಿಂದ ಬಂದ ಸ್ಫೋಟ ಅದನ್ನ ನುಂಗಿತು, ರೇಖೆಗಳು ಮಾಯ. ಹತ್ತು ದಿನ ತಡವಾಗಿದ್ರೆ ಆ ನಕ್ಷತ್ರದ ಕೊನೇ ದಿನಗಳ ಸಾಕ್ಷಿ ನಮಗೆ ಸಿಗ್ತಾನೇ ಇರಲಿಲ್ಲ.

ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರೋ ಹಿಮಾಲಯನ್ ಚಂದ್ರಾ ಟೆಲಿಸ್ಕೋಪ್ ಕೂಡ ಮೊದಲ ದಿನಗಳಲ್ಲೇ ಇದರತ್ತ ತಿರುಗಿತು. ಅದನ್ನ ನಡೆಸೋದು ಎಲ್ಲಿಂದ ಗೊತ್ತಾ? ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಿಂದ. ಬಿರಿಯಾನಿಗೆ ಅಂತ ಬೆಳಗಿನ ಜಾವ ಅಲ್ಲಿ ಕ್ಯೂ ನಿಲ್ತೀವಲ್ಲ, ಅದೇ ಊರು. ನಾನೂ ಆ ವಾರ ಗೆಳೆಯನ ಪುಟ್ಟ ಟೆಲಿಸ್ಕೋಪ್ ಹಿಡ್ಕೊಂಡು ಟೆರೇಸ್ ಹತ್ತಿದ್ದೆ. ಬೆಂಗಳೂರಿನ ಮೇ ಮೋಡ. ಏನೂ ಕಾಣಲಿಲ್ಲ.

ಆಮೇಲೆ ಇನ್ನೊಂದು ವಿಷಯ ಹೊರಬಿತ್ತು. ಇತಗಾಕಿಗಿಂತ ಮುಂಚೆಯೇ ಬೇರೆ ಹವ್ಯಾಸಿಗಳ ಫೋಟೊಗಳಲ್ಲಿ ಈ ಚುಕ್ಕೆ ಬಿದ್ದಿತ್ತು! ಯಾರೂ ತೆಗೆದು ನೋಡಿರಲಿಲ್ಲ, ನಮ್ಮ ಫೋನ್ ಗ್ಯಾಲರಿ ತರ. ಆದ್ರೆ ಸ್ಫೋಟದ ಮೊದಲ ಗಂಟೆಗಳ ಬೆಳಕು ಹೇಗೆ ಏರಿತು ಅಂತ ತಿಳಿಯೋಕೆ ಅದೇ ಫೋಟೊಗಳು ಕೆಲಸಕ್ಕೆ ಬಂದ್ವು.

ಚಿಲಿಯ ರೂಬಿನ್ ವೀಕ್ಷಣಾಲಯದ 3,200 ಮೆಗಾಪಿಕ್ಸೆಲ್ ಕ್ಯಾಮೆರಾವನ್ನ ರಾತ್ರಿಗೆ ಲಕ್ಷಗಟ್ಟಲೆ ಅಲರ್ಟ್ ಕಳಿಸೋಕೆ ಅಂತಲೇ ಕಟ್ಟಿದ್ದು. ರೋಹಿತ ತೆಗೆಯೋದು ಮಾತ್ರ ಈಗಲೂ ಬಹುಮಟ್ಟಿಗೆ ಒಂದೊಂದಾಗಿ, ಒಂದೊಂದಕ್ಕೂ ನಿಮಿಷಗಟ್ಟಲೆ, ಮಸುಕಾಗಿದ್ರೆ ಗಂಟೆಗಟ್ಟಲೆ ಕಾದು. ನನ್ನ ಕೇಳಿದ್ರೆ ಇನ್ನೊಂದು ದೊಡ್ಡ ಕ್ಯಾಮೆರಾಗಿಂತ ಹಾನ್ಲೆಯಂಥ ಎರಡು ಮೀಟರ್ ಟೆಲಿಸ್ಕೋಪ್‌ಗಳು ಹತ್ತು ಬೇಕು. ಇಲ್ಲದಿದ್ರೆ ಬರೋ ಚುಕ್ಕೆಗಳಲ್ಲಿ ಮುಕ್ಕಾಲು ಪಾಲು ‘ಎಟಿ’ ಅಂತಲೇ ಉಳಿದು ಆರಿಹೋಗ್ತವೆ.