ಮಗುವಿನ ಕೈಗೊಂದು ಪುಟ್ಟ ಬೋರ್ಡು



ಕೋಲ್ಕತ್ತದ ಚಾಂದನಿ ಚೌಕ್ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದವರಿಗೆ ಗೊತ್ತು, ಅಲ್ಲಿನ ಗಲ್ಲಿಗಳಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆ ನೆನಪಾಗುತ್ತದೆ. ಇವತ್ತಿನ ಮಾತು ಅಲ್ಲಿಂದ ತರಬಹುದಾದ ಒಂದಿಷ್ಟು ಸಾಮಾನು ಮತ್ತು ನಿಮ್ಮ ಮನೆಯ ಮಗುವಿನ ಬಗ್ಗೆ.

ಮಕ್ಕಳಿಗೆ ಕೋಡಿಂಗ್ ಕಲಿಸುವ ಆಸೆ ಈಗ ಎಲ್ಲ ಅಪ್ಪ ಅಮ್ಮಂದಿರಿಗೂ ಇದೆ. ತಪ್ಪೇನಲ್ಲ. ಆದರೆ ಪರದೆಯ ಮೇಲೆ ಗೊಂಬೆ ಓಡಿಸುವುದೇ ಬೇರೆ, ತಂತಿ ಸಿಕ್ಕಿಸಿ ದೀಪ ಹತ್ತಿಸುವುದೇ ಬೇರೆ. ತಂತಿಯ ಕೆಲಸದಲ್ಲಿ ತಪ್ಪಾದರೆ ಯಾರೂ ಬಂದು ಹೇಳುವುದಿಲ್ಲ. ದೀಪ ಸುಮ್ಮನೆ ಹತ್ತುವುದಿಲ್ಲ, ಅಷ್ಟೆ. ತಪ್ಪು ತಂತಿಯಲ್ಲಿದೆಯೋ ಪ್ರೋಗ್ರಾಮಿನಲ್ಲಿದೆಯೋ, ಮಗುವೇ ಹುಡುಕಬೇಕು.

ಇದಕ್ಕೆ ಬೇಕಾದದ್ದು ಮೈಕ್ರೊಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನಲ್ಲಿ ಅಡಗಿದ ಪುಟ್ಟ ಕಂಪ್ಯೂಟರು. ಆರ್ಡುಯಿನೊ ಎಂಬ ಬೋರ್ಡು 2005ರಲ್ಲಿ ಇಟಲಿಯ ಇವ್ರಿಯಾ ಊರಿನಲ್ಲಿ ಹುಟ್ಟಿತು, ಎಂಜಿನಿಯರುಗಳಿಗಲ್ಲ, ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗಾಗಿ. (ಹೆಸರು ಬಂದದ್ದು ಆ ಊರಿನ ಒಂದು ಬಾರಿನಿಂದ!) ಅದರ ಮೂಲ ಊನೊ ಮಾದರಿಯಲ್ಲಿ ಪ್ರೋಗ್ರಾಮಿಗೆ ಇರುವ ಜಾಗ ಬರೀ 32 ಕಿಲೋಬೈಟ್. ಕಲಿಯುವವರಿಗೆ ಅದೇ ಧಾರಾಳ. ಅದರ ಜೊತೆಗೆ ಒಂದು ಬ್ರೆಡ್‌ಬೋರ್ಡು, ಕೆಲವು ಎಲ್‌ಇಡಿ, 220 ಓಮಿನ ರೆಸಿಸ್ಟರು, ಒಂದು ಕಟ್ಟು ತಂತಿ ಇದ್ದರೆ ಸಾಕು.

ಈ ಊರಿಗೆ ಇದು ಹೊಸದೂ ಅಲ್ಲ. 1895ರಲ್ಲಿ ಇಲ್ಲಿನ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸರು ತಂತಿಯಿಲ್ಲದೆ, ಗೋಡೆಯಾಚೆಯ ಗಂಟೆ ಬಾರಿಸಿ ತೋರಿಸಿದರು. ಅವರ ಉಪಕರಣಗಳನ್ನು ಮಾಡಲು ನೆರವಾದವನು ಒಬ್ಬ ತಗಡು ಕೆಲಸದವನು. ರೇಡಿಯೊದಲ್ಲಿ ಕೂತು ಇಷ್ಟನ್ನೂ ಹೇಳದೆ ಹೇಗಿರಲಿ?

ಇನ್ನು ಕಲಿಸುವ ಬಗೆ. ಮೊದಲ ದಿನವೇ ಓಮನ ನಿಯಮ ಬೇಡ. ಎಂಟನೇ ಪಿನ್ನಿನಿಂದ ರೆಸಿಸ್ಟರು, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು. ಗಿಡ್ಡ ಕಾಲು ಗ್ರೌಂಡಿಗೆ. ಬ್ರೆಡ್‌ಬೋರ್ಡಿನಲ್ಲಿ ಐದೈದು ತೂತುಗಳು ಒಳಗೊಳಗೇ ಕೂಡಿಕೊಂಡಿರುತ್ತವೆ. ಎರಡೂ ಕಾಲನ್ನು ಒಂದೇ ಸಾಲಿಗೆ ಸಿಕ್ಕಿಸಿದರೆ ದೀಪ ಹತ್ತದು. ಅನೇಕ ಮಕ್ಕಳು ಹಾಗೇ ಸಿಕ್ಕಿಸುತ್ತಾರೆ.

ಪ್ರೋಗ್ರಾಮನ್ನು ಮೊದಲು ಬಾಯಲ್ಲಿ, ಕನ್ನಡದಲ್ಲಿ ಹೇಳಿಸಿ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಬಂಗಾಳಿ ಇದ್ದರೂ ಯೋಚನೆಗೆ ಮನೆಮಾತು ಸಲೀಸು. 'ಸೆಟಪ್' ಅಂದರೆ ಒಲೆ ಹಚ್ಚಿ ಕಾವಲಿ ಇಡುವುದು, ಒಂದೇ ಸಲ. 'ಲೂಪ್' ಅಂದರೆ ದೋಸೆ ಹುಯ್ಯುವುದು, ಮತ್ತೆ ಮತ್ತೆ. ದೀಪ ಹತ್ತಿಸು, ಒಂದು ಸೆಕೆಂಡು ಕಾಯಿ, ಆರಿಸು, ಒಂದು ಸೆಕೆಂಡು ಕಾಯಿ. ಬೋರ್ಡಿನ ಲೆಕ್ಕದಲ್ಲಿ ಒಂದು ಸೆಕೆಂಡು ಅಂದರೆ 1000.

ಈಗ ಕೊನೆಯ 'ಕಾಯಿ' ತೆಗೆದು ನೋಡಿ. ದೀಪ ಮಿಣುಕುವುದೇ ಇಲ್ಲ! "ಅಪ್ಪಾ, ಆರಿಸು ಅಂತ ಬರೆದಿದೀನಲ್ಲ, ಯಾಕೆ ಆರ್ತಾ ಇಲ್ಲ?" ಉತ್ತರ ಗೊತ್ತಿದ್ದರೂ ದಯವಿಟ್ಟು ಬಾಯಿ ಬಿಡಬೇಡಿ. ದೀಪ ಆರುತ್ತದೆ, ಆದರೆ ಆರಿದ ಕೂಡಲೇ ಲೂಪ್ ಮೊದಲಿಗೆ ಹೋಗಿ ಮತ್ತೆ ಹತ್ತಿಸುತ್ತದೆ. ನಮ್ಮ ಕಣ್ಣಿಗೆ ಅಷ್ಟು ಚುರುಕಿಲ್ಲ. ಇದನ್ನು ಮಗು ತಾನೇ ಕಂಡುಕೊಂಡರೆ ಎಂದೂ ಮರೆಯುವುದಿಲ್ಲ. ನೀವು ಹೇಳಿದರೆ ಸಂಜೆಯೊಳಗೆ ಮರೆಯುತ್ತದೆ. ಹತ್ತು ನಿಮಿಷ ಹಿಡಿಯಲಿ, ಅರ್ಧ ಗಂಟೆ ಹಿಡಿಯಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು ಎನ್ನುವುದಷ್ಟೇ ನಿಮ್ಮ ಪಾತ್ರ. ಕಷ್ಟ ನಿಜ, ನಮ್ಮ ಕೈ ಸುಮ್ಮನಿರುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಜೋರಾಗಿಯೇ ಹೇಳಿ. ಯುಎಸ್‌ಬಿಯ 5 ವೋಲ್ಟು ಆಟಕ್ಕೆ. ಗೋಡೆಯ 230 ವೋಲ್ಟಿನ ಹತ್ತಿರ ತಂತಿ ಹೋಗಲೇಬಾರದು. 5 ವೋಲ್ಟಿನ ಪಿನ್ನನ್ನು ನೇರವಾಗಿ ಗ್ರೌಂಡಿಗೂ ಸೇರಿಸಬಾರದು.

ದೀಪ ಮಿಣುಕಿದ ಮೇಲೆ ಫೋಟೋ ತೆಗೆದು ಊರಿನ ಅಜ್ಜಿಗೆ ಕಳಿಸಿ. ಆಮೇಲೆ ಎಲ್ಲವನ್ನೂ ಬಿಚ್ಚಿಸಿ. ಮರುದಿನ ಚಿತ್ರ ನೋಡದೆ ಮತ್ತೆ ಜೋಡಿಸಲಿ. ಅದಾದರೆ ಎರಡನೇ ಎಲ್‌ಇಡಿ ಕೊಡಿ.