ಒಪ್ಪಿಸಿಕೊಂಡವರೇ ಲೆಕ್ಕ ಕೊಡಬೇಕು



ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿದವಳು. ಪಾಲುದಾರಿಕೆಯ ಮೊದಲ ಪಾಠ ಇದು: ಪಾಲುದಾರರು ಒಬ್ಬರಿಗೊಬ್ಬರು ಸರಿಯಾದ ಲೆಕ್ಕ ಕೊಡಬೇಕು, ಪುಸ್ತಕ ತೆರೆದು ನೋಡುವ ಹಕ್ಕು ಎಲ್ಲರಿಗೂ ಇದೆ. ಮದುವೆಯೂ ಪಾಲುದಾರಿಕೆಯೇ? ಈ ಪ್ರಶ್ನೆ ನಮ್ಮ ನ್ಯಾಯಾಲಯಗಳಲ್ಲೇ ಎದ್ದಿತ್ತು.

ಪ್ರತಿಭಾ ರಾಣಿ ಪ್ರಕರಣವನ್ನು ನೋಡಿ. ಮದುವೆಯಲ್ಲಿ ತವರಿನವರು ಕೊಟ್ಟ ಒಡವೆ, ಬಟ್ಟೆಬರೆ ಗಂಡನ ಮನೆಯವರ ವಶದಲ್ಲಿದ್ದವು. ತನ್ನನ್ನು ಹೊರಹಾಕಿದರು, ಕೇಳಿದರೂ ಒಡವೆ ಕೊಡಲಿಲ್ಲ ಎಂದು ಆಕೆ ನಂಬಿಕೆದ್ರೋಹದ ದೂರು ಕೊಟ್ಟರು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಆ ದೂರನ್ನೇ ರದ್ದುಮಾಡಿತು. ಒಂದೇ ಸೂರಿನಡಿ ಬಾಳುವ ಗಂಡ ಹೆಂಡಿರ ಬಳಿ ಇರುವ ವಸ್ತು ಪಾಲುದಾರರ ಆಸ್ತಿಯಂತೆ ಇಬ್ಬರ ಸ್ವಾಧೀನದಲ್ಲೂ ಇರುತ್ತದೆ, ಅಲ್ಲಿ ದ್ರೋಹದ ಮಾತೆಲ್ಲಿ ಎಂಬುದು ಆಗಿನ ವಾದ. 1985ರಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಈ ವಾದವನ್ನು ತಳ್ಳಿಹಾಕಿತು. ಸ್ತ್ರೀಧನ ಹೆಣ್ಣಿನದೇ, ಇಟ್ಟುಕೊಂಡವರು ಅದನ್ನು ಕಾಯುವವರು ಮಾತ್ರ, ಒಡೆಯರಲ್ಲ. 1996ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಎತ್ತಿಹಿಡಿಯಿತು. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಇದೇ ಮಾತು ಹೇಳಿತು.

ಆ ಹಳೆಯ ವಾದದ ಜಾಣತನ ಗಮನಿಸಿ. ಗಂಡನ ಸಂಬಳ, ಸಾಲ, ಬ್ಯಾಂಕಿನ ಪುಸ್ತಕ ನೋಡಲು ಹೆಂಡತಿ ಪಾಲುದಾರಳಲ್ಲ. ವರದಕ್ಷಿಣೆ ಕಡಿಮೆಯಾಯಿತೆಂದು ಏಟು ತಿನ್ನುವಾಗ ಯಾರೂ ಪಾಲಿಗೆ ಬರುವುದಿಲ್ಲ. ಅವಳು ತನ್ನ ಬಳೆ ವಾಪಸು ಕೇಳಿದಾಗ ಮಾತ್ರ ಸಂಸಾರ ಜಂಟಿ ವ್ಯವಹಾರವಾಗಿಬಿಡುತ್ತದೆ!

ಇನ್ನು ಸರ್ಕಾರದ ಹೊಣೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಬೇರೆಯವರು ಪಡೆದ ವರದಕ್ಷಿಣೆಯನ್ನು 3 ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಅವಳ ಪರವಾಗಿ ಕಾದಿಡಬೇಕು ಎನ್ನುತ್ತದೆ ಅದರ 6ನೇ ಕಲಂ. ಮದುವೆಯ ಉಡುಗೊರೆಗಳ ಪಟ್ಟಿ ಬರೆದು ಸಹಿ ಹಾಕಬೇಕೆಂಬ ನಿಯಮ 1985ರದು. ನಮ್ಮಲ್ಲಿ ಎಷ್ಟು ಮದುವೆಗಳಲ್ಲಿ ಈ ಪಟ್ಟಿ ಕಂಡಿದ್ದೀರಿ? ಮುಯ್ಯಿ ಬರೆಯುವ ಪುಸ್ತಕ ಮಾತ್ರ ತಪ್ಪುವುದಿಲ್ಲ.

ಪಟ್ಟಿ ಮಾಡಿದರೆ ವರದಕ್ಷಿಣೆಯನ್ನು ಒಪ್ಪಿದಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕೊಡಬಾರದು, ತೆಗೆದುಕೊಳ್ಳಬಾರದು, ಅದರಲ್ಲಿ ರಾಜಿಯಿಲ್ಲ. ಆದರೆ ಕೊಟ್ಟಾಗಿದೆ, ಅದು ಅತ್ತೆಯ ಬೀರುವಿನಲ್ಲಿದೆ. ಹೊಡೆಸಿಕೊಂಡು ಹೊರಡುವ ಹೆಣ್ಣಿನ ಕೈಯಲ್ಲಿ ಬಸ್ಸಿನ ಚಾರ್ಜಿಗೂ ದುಡ್ಡಿರುವುದಿಲ್ಲ. ದುಡ್ಡಿಲ್ಲದೆ ಅವಳು ಅಲ್ಲೇ ಉಳಿಯುತ್ತಾಳೆ. ಕೆಲವರು ಅಲ್ಲೇ ಸಾಯುತ್ತಾರೆ.

ಪಂಚಾಯಿತಿಯಲ್ಲಿ ಹಿರಿಯರು, "ಒಡವೆ ಹೋದರೆ ಹೋಗಲಿ, ಜಗಳ ಬೇಡ ಕಣಮ್ಮ" ಎನ್ನುತ್ತಾರೆ. ಜಗಳಕ್ಕೆ ಹೆದರಿ ಹೊಣೆಗಾರನನ್ನು ಬಿಟ್ಟುಬಿಡುವುದು ಶಾಂತಿಯಲ್ಲ. ಅಂಗಡಿಯಲ್ಲಿ ಅಡವಿಟ್ಟ ಒಡವೆಗೂ ರಸೀದಿ ಕೇಳುವ ಅಪ್ಪ, ಮಗಳ ಒಡವೆಯ ಲೆಕ್ಕ ಕೇಳಲು ಏಕೆ ನಾಚಬೇಕು?

ಆದ್ದರಿಂದ ಬಿಲ್ಲು, ಫೋಟೋ, ಪಟ್ಟಿಯನ್ನು ಹುಡುಗಿಯರೇ ತಮ್ಮ ಬಳಿ ಇಟ್ಟುಕೊಳ್ಳಲಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸ್ತ್ರೀಧನ ವಾಪಸು ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಅರ್ಜಿಯಲ್ಲಿ ಅದನ್ನೂ ಕೇಳಿ. ನಮ್ಮ ಸಂಘಟನೆಗಳು ರಾಜಿ ಮಾತುಕತೆಗೆ ಕೂರುವಾಗ ಮೊದಲ ಪ್ರಶ್ನೆ, "ಇನ್ನು ಹೊಂದಿಕೊಂಡು ಹೋಗುತ್ತೀಯಾ?" ಎಂದು ಅವಳಿಗಲ್ಲ, "ಅವಳದ್ದೆಲ್ಲ ಎಲ್ಲಿದೆ?" ಎಂದು ಅವರಿಗೆ.