ಬಡಗಿಯ ಕೆಲಸ, ಒಳಾಂಗಣ ಅಲಂಕಾರ ಮತ್ತು ಸೇವಾ ತೆರಿಗೆ



ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಮರಗೆಲಸವನ್ನೇ ಜೀವನೋಪಾಯ ಮಾಡಿಕೊಂಡವರಿದ್ದಾರೆ. ಅವರಿಂದ ಕೆಲಸ ಮಾಡಿಸುವ ಗೃಹಸ್ಥರು, ಅಂಗಡಿಯ ಮಾಲೀಕರು, ವಸತಿ ಸಹಕಾರ ಸಂಘಗಳ ಪದಾಧಿಕಾರಿಗಳೂ ಇದ್ದಾರೆ. ಬಡಗಿಯ ಕೆಲಸವನ್ನು ಸೇವಾ ತೆರಿಗೆಯ ಕಾನೂನು ಯಾವ ಹೆಸರಿನಿಂದ ಗುರುತಿಸಿತು ಎಂಬ ಪ್ರಶ್ನೆ ಇವರೆಲ್ಲರಿಗೂ ಸಂಬಂಧಿಸಿದುದು. ಸೇವಾ ತೆರಿಗೆಯು 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯಲ್ಲಿ ವಿಲೀನವಾಯಿತಲ್ಲ, ಈಗ ಆ ಮಾತೇಕೆ ಎಂದು ಯಾರಾದರೂ ಕೇಳಬಹುದು. ತೆರಿಗೆ ಹೋಯಿತು, ಅದರ ಬಾಕಿ ವ್ಯಾಜ್ಯಗಳು ಹೋಗಲಿಲ್ಲ ಎಂಬುದೇ ಅದಕ್ಕೆ ಉತ್ತರ.

ಈ ವ್ಯಾಜ್ಯಗಳು ಹುಟ್ಟಿದ ಬಗೆಯನ್ನು ಮೊದಲು ತಿಳಿಯೋಣ. ವಾಶಿಯ ಒಂದು ಕಂಪನಿಯ ಕಚೇರಿಯಲ್ಲಿ ಮಿಸ್ತ್ರಿಯೊಬ್ಬರು ಪಾರ್ಟಿಷನ್, ಕಪಾಟು, ಫಾಲ್ಸ್ ಸೀಲಿಂಗ್ ಮಾಡಿಕೊಟ್ಟರೆನ್ನಿ. ಹಣ ಕೊಡುವಾಗ ಕಂಪನಿಯು ಆದಾಯ ತೆರಿಗೆ ಕಾನೂನಿನ ಮೇರೆಗೆ ಮೂಲದಲ್ಲೇ ತೆರಿಗೆ ಕಡಿತ ಮಾಡುತ್ತದೆ. ಸಾಮಗ್ರಿ, ಕೂಲಿ ಎಲ್ಲವೂ ಸೇರಿದ ಪೂರ್ಣ ಮೊತ್ತವು ಆ ಮಿಸ್ತ್ರಿಯ ಹೆಸರಿನ ಫಾರಂ 26ಎಎಸ್‌ನಲ್ಲಿ ದಾಖಲಾಗುತ್ತದೆ. ಪ್ಲೈವುಡ್ಡಿನ ಬೆಲೆ ಎಷ್ಟು, ಸನ್‌ಮೈಕಾದ ಬೆಲೆ ಎಷ್ಟು, ಕೂಲಿ ಎಷ್ಟು ಎಂಬುದು ಅಲ್ಲಿ ಕಾಣುವುದಿಲ್ಲ. ಸೇವಾ ತೆರಿಗೆಯ ಕೊನೆಯ ವರ್ಷಗಳಿಗೆ ಸಂಬಂಧಿಸಿದ ಇಂತಹ ಅಂಕಿಗಳನ್ನೇ ಆಧಾರವಾಗಿಟ್ಟುಕೊಂಡು ದೇಶದ ನಾನಾ ಕಡೆ ಕಾರಣ ಕೇಳುವ ನೋಟೀಸುಗಳು ಹೊರಟವು. ಪರಿಶೀಲನೆಯಿಲ್ಲದೆ ಹೀಗೆ ನೋಟೀಸು ಕೊಡಬಾರದೆಂದು ಕೇಂದ್ರೀಯ ಪರೋಕ್ಷ ತೆರಿಗೆಗಳು ಮತ್ತು ಸೀಮಾಸುಂಕ ಮಂಡಳಿಯು 2021ರ ಅಕ್ಟೋಬರ್ 26ರಂದು ತನ್ನ ಅಧಿಕಾರಿಗಳಿಗೆ ಸೂಚನೆ ನೀಡಬೇಕಾಯಿತು. ನೋಟೀಸು ಪಡೆದವರು ಆ ಸೂಚನೆಯನ್ನು ತಮ್ಮ ಉತ್ತರದಲ್ಲಿ ಧಾರಾಳವಾಗಿ ಉಲ್ಲೇಖಿಸಬಹುದು.

ಇನ್ನು ಕಾನೂನಿನ ಕಡೆಗೆ ಬರೋಣ. 1994ರ ಹಣಕಾಸು ಕಾಯಿದೆಯ ಮೂಲಕ ಅದೇ ವರ್ಷದ ಜುಲೈ 1ರಿಂದ ದೂರವಾಣಿ, ಸಾಮಾನ್ಯ ವಿಮೆ ಮತ್ತು ಷೇರು ದಲ್ಲಾಳಿ ಎಂಬ 3 ಸೇವೆಗಳಿಗೆ ಮಾತ್ರ ಶೇಕಡಾ 5ರ ತೆರಿಗೆ ಜಾರಿಗೆ ಬಂದಿತು. ಆಗ ಬಡಗಿಗೆ ಇದರ ಸೋಂಕಿರಲಿಲ್ಲ. 1998ರ ಅಕ್ಟೋಬರ್ 16ರಂದು ಒಳಾಂಗಣ ಅಲಂಕಾರಕಾರರು ಪಟ್ಟಿಗೆ ಸೇರಿದರು. ಸಲಹೆ, ತಾಂತ್ರಿಕ ನೆರವು ಅಥವಾ ಬೇರಾವುದೇ ರೀತಿಯಲ್ಲಿ, ಸ್ಥಳಗಳ ಯೋಜನೆ, ವಿನ್ಯಾಸ ಅಥವಾ ಸೌಂದರ್ಯವರ್ಧನೆಗೆ ಸಂಬಂಧಿಸಿದ ಸೇವೆ ನೀಡುವ ವ್ಯಕ್ತಿ ಎಂಬುದು ಅದರ ವ್ಯಾಖ್ಯೆಯ ತಿರುಳು. ಉದ್ಯಾನ ವಿನ್ಯಾಸಕಾರರೂ ಅದರಲ್ಲಿ ಸೇರಿದ್ದರು. ‘ಬೇರಾವುದೇ ರೀತಿಯಲ್ಲಿ’ ಎಂಬ ಮಾತು ಬಹಳ ಅಗಲವಾದುದು. ಗೋಡೆಗೆ ಕಪಾಟು ಕೂರಿಸಿದರೆ ಕೋಣೆ ಚೆಂದವಾಗುತ್ತದೆ, ಆದ್ದರಿಂದ ಕಪಾಟು ಮಾಡಿದವನೂ ಅಲಂಕಾರಕಾರನೇ ಎಂದು ವಾದಿಸಲು ಅದು ಎಡೆಮಾಡಿಕೊಟ್ಟಿತು. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ನಕ್ಷೆಯನ್ನು ಮನಸ್ಸಿನಲ್ಲಿ ಕಂಡು ಕಾಗದಕ್ಕೆ ಇಳಿಸುವವರು ಒಬ್ಬರು. ಆ ನಕ್ಷೆಯಂತೆ ಉಳಿ ಹಿಡಿಯುವವರು ಇನ್ನೊಬ್ಬರು. ಎರಡನ್ನೂ ಒಬ್ಬರೇ ಮಾಡುವುದುಂಟು, ಅದು ಬೇರೆ ಮಾತು.

ಶಾಸನವೇ ಮುಂದೆ ಈ ಭೇದವನ್ನು ಮಾಡಿತು. 2004ರ ಸೆಪ್ಟೆಂಬರ್ 10ರಿಂದ ಕಟ್ಟಡ ನಿರ್ಮಾಣ ಸೇವೆಗೆ ತೆರಿಗೆ ಬಂದಿತು. 2005ರ ಜೂನ್ 16ರಿಂದ ಅದು ವಾಣಿಜ್ಯ ಅಥವಾ ಕೈಗಾರಿಕಾ ನಿರ್ಮಾಣ, ವಸತಿ ಸಮುಚ್ಚಯ ನಿರ್ಮಾಣ ಎಂದು ಎರಡಾಯಿತು. ಇವೆರಡರಲ್ಲಿಯೂ ‘ಪೂರ್ಣಗೊಳಿಸುವ ಮತ್ತು ಅಂತಿಮ ಸ್ವರೂಪ ನೀಡುವ ಸೇವೆ’ ಎಂಬ ಭಾಗವಿತ್ತು. ಗಿಲಾವು, ಬಣ್ಣ, ನೆಲಹಾಸು ಮುಂತಾದವುಗಳ ಜೊತೆಗೆ ಮರದ ಹಾಗೂ ಲೋಹದ ಜೋಡಣೆ ಮತ್ತು ಬಡಗಿಯ ಕೆಲಸವನ್ನು ಅಲ್ಲಿ ಹೆಸರಿಸಿಯೇ ಹೇಳಲಾಯಿತು. ಒಂದು ಸೇವೆ ಎರಡು ಶೀರ್ಷಿಕೆಗಳಲ್ಲಿ ಬರುವಂತಿದ್ದರೆ ಸಾಮಾನ್ಯ ವಿವರಣೆಗಿಂತ ನಿರ್ದಿಷ್ಟ ವಿವರಣೆಗೇ ಪ್ರಾಶಸ್ತ್ಯ ಎಂದು ಕಾಯಿದೆಯ 65ಎ ಕಲಮು ಹೇಳುತ್ತಿತ್ತು. ನಕ್ಷೆಯಂತೆ ಕೆಲಸ ಮಾಡಿದ ಬಡಗಿಯ ಕೈಯಲ್ಲಿರುವ ಬಲವಾದ ಆಧಾರ ಇದೇ.

ಕಟ್ಟಡ ಯಾವುದು ಎಂಬುದು ಇಲ್ಲಿ ಮುಖ್ಯವಾಗುತ್ತದೆ. ವಸತಿ ಸಮುಚ್ಚಯವೆಂದರೆ 12ಕ್ಕಿಂತ ಹೆಚ್ಚು ಮನೆಗಳಿದ್ದು, ಲಿಫ್ಟು, ಉದ್ಯಾನ, ವಾಹನ ನಿಲುಗಡೆಯಂತಹ ಸಾಮಾನ್ಯ ಸೌಕರ್ಯವುಳ್ಳದ್ದು. ಡೊಂಬಿವಲಿಯ ಹಳೆಯ ಬಡಾವಣೆಗಳಲ್ಲಿನ 8 ಮನೆಗಳ ಕಟ್ಟಡ ಈ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಬಿಲ್ಡರನಿಗಾಗಿ ಗೋಪುರದ ಎಲ್ಲ ಮನೆಗಳಿಗೂ ಬಾಗಿಲು ಕೂರಿಸಿದ ಗುತ್ತಿಗೆದಾರ ಬರುತ್ತಿದ್ದನು. ದೊಡ್ಡ ಸಮುಚ್ಚಯದೊಳಗಿನ ಒಂದೇ ಮನೆಗೆ, ಅದರ ಯಜಮಾನರ ವಾಸಕ್ಕಾಗಿ ಮಾಡಿದ ಕೆಲಸದ ವಿಷಯದಲ್ಲಿ ಎರಡೂ ಕಡೆ ವಾದಕ್ಕೆ ಆಸ್ಪದವಿತ್ತು. ಐರೋಲಿ, ಮಹಾಪೆಗಳ ಕಚೇರಿಗಳ ವಿಷಯದಲ್ಲಿ ಅಂತಹ ಸಂದೇಹವಿಲ್ಲ. ಅವು ವಾಣಿಜ್ಯ ಕಟ್ಟಡಗಳು.

ಸಾಮಗ್ರಿ ಯಾರದು ಎಂಬುದು ಮುಂದಿನ ಪ್ರಶ್ನೆ. ಸಾಮಗ್ರಿ ಹಾಗೂ ಶ್ರಮ ಎರಡನ್ನೂ ಬಡಗಿಯೇ ಒದಗಿಸಿದರೆ ಅದು ಕಾಮಗಾರಿ ಗುತ್ತಿಗೆ. 2007ರ ಜೂನ್ 1ರಿಂದ ಅದಕ್ಕೆ ಪ್ರತ್ಯೇಕ ಶೀರ್ಷಿಕೆಯಿತ್ತು. ಆ ದಿನಾಂಕಕ್ಕೆ ಮುಂಚಿನ ಸಂಯುಕ್ತ ಗುತ್ತಿಗೆಗಳ ಮೇಲೆ ಸೇವಾ ತೆರಿಗೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ಲಾರ್ಸನ್ ಅಂಡ್ ಟೂಬ್ರೊ ಮೊಕದ್ದಮೆಯಲ್ಲಿ 2015ರ ಆಗಸ್ಟ್ 20ರಂದು ತೀರ್ಪು ನೀಡಿತು.

ಹೆಸರು ಬದಲಾದರೆ ಹಣ ಎಷ್ಟು ಬದಲಾಗುತ್ತದೆಂಬುದಕ್ಕೆ ಒಂದು ಲೆಕ್ಕ ನೋಡೋಣ. 2010–11ರಲ್ಲಿ ವಾಣಿಜ್ಯ ಕಟ್ಟಡವೊಂದರಲ್ಲಿ 20 ಲಕ್ಷ ರೂಪಾಯಿಯ ಕೆಲಸವಾಗಿದೆ, ಸಣ್ಣ ಸೇವಾದಾರರ ವಿನಾಯಿತಿ ಅನ್ವಯಿಸುವುದಿಲ್ಲ ಎಂದಿಟ್ಟುಕೊಳ್ಳಿ. ಅಲಂಕಾರಕಾರನೆಂದು ಎಣಿಸಿ, ಸಾಮಗ್ರಿಯ ಬೆಲೆಯನ್ನು ದಾಖಲೆಯಿಂದ ತೋರಿಸದಿದ್ದರೆ, ಉಪಕರವೂ ಸೇರಿ ಶೇಕಡಾ 10.3ರಂತೆ 2,06,000 ರೂಪಾಯಿ ತೆರಿಗೆ. ಕಾಮಗಾರಿ ಗುತ್ತಿಗೆಯೆಂದು ಎಣಿಸಿ, ರಾಜಿ ತೆರಿಗೆಯ ಪದ್ಧತಿಯನ್ನು ಸಕಾಲದಲ್ಲಿ ಆರಿಸಿಕೊಂಡಿದ್ದರೆ ಶೇಕಡಾ 4.12ರಂತೆ 82,400 ರೂಪಾಯಿ. ಅಂತರ 1,23,600 ರೂಪಾಯಿ. ಬಡ್ಡಿ ಮತ್ತು ದಂಡ ಬೇರೆ. ನಾಲ್ಕಾರು ಜನರನ್ನು ಇಟ್ಟುಕೊಂಡು ದುಡಿಯುವ ಮಿಸ್ತ್ರಿಗೆ ಇದು ಸಣ್ಣ ಮೊತ್ತವಲ್ಲ.

2012ರ ಜುಲೈ 1ರಿಂದ ಪದ್ಧತಿಯೇ ಬದಲಾಯಿತು. ಹೊರಗಿಟ್ಟ ಪಟ್ಟಿಯಲ್ಲಿ ಇಲ್ಲದ, ವಿನಾಯಿತಿ ಪಡೆಯದ ಎಲ್ಲ ಸೇವೆಗಳೂ ತೆರಿಗೆಗೆ ಒಳಪಟ್ಟವು. ಆದರೂ ಹೆಸರಿನ ಮಹತ್ವ ಅಳಿಯಲಿಲ್ಲ. ಸಾಮಗ್ರಿಯ ಪ್ರತ್ಯೇಕ ಲೆಕ್ಕವಿಲ್ಲದ ಗುತ್ತಿಗೆಗಳಲ್ಲಿ, ಅಂತಿಮ ಸ್ವರೂಪ ನೀಡುವ ಕೆಲಸಕ್ಕೆ ಬಿಲ್ಲಿನ ಶೇಕಡಾ 60ನ್ನು, 2014ರ ಅಕ್ಟೋಬರ್‌ನಿಂದ ಶೇಕಡಾ 70ನ್ನು ಸೇವೆಯ ಭಾಗವೆಂದು ಹಿಡಿಯಲಾಗುತ್ತಿತ್ತು. ಬರಿಯ ವಿನ್ಯಾಸ ಸೇವೆಗೆ ಈ ಕಡಿತವಿಲ್ಲ. 10 ಲಕ್ಷ ರೂಪಾಯಿಯವರೆಗಿನ ಸಣ್ಣ ಸೇವಾದಾರರ ವಿನಾಯಿತಿ 2008ರ ಏಪ್ರಿಲ್‌ನಿಂದ ಕೊನೆಯವರೆಗೂ ಇದ್ದಿತು; ಹಿಂದಿನ ವರ್ಷದ ತೆರಿಗೆಯೋಗ್ಯ ಸೇವೆಯ ಮೌಲ್ಯ ಆ ಮಿತಿಯನ್ನು ದಾಟಿರಬಾರದೆಂಬುದು ಅದರ ಷರತ್ತು. ನೋಟೀಸಿಗೆ ಉತ್ತರಿಸುವವರು ಅನೇಕ ವೇಳೆ ಇದನ್ನೇ ಕೇಳಲು ಮರೆಯುತ್ತಾರೆ.

ಸಿದ್ಧಪಡಿಸಿದ ಮೇಜು, ಮಂಚ, ಕುರ್ಚಿಗಳನ್ನು ಮಾರುವುದು ಇವೆಲ್ಲಕ್ಕಿಂತ ಬೇರೆ. ಉಲ್ಹಾಸನಗರದ ಪೀಠೋಪಕರಣ ಪೇಟೆಯಿಂದ ಮಂಚ ತಂದು ಕಲ್ಯಾಣದ ಮನೆಯಲ್ಲಿ ಇರಿಸಿದರೆ ಅದು ಸರಕಿನ ಮಾರಾಟ. ಆಗ ರಾಜ್ಯದ ಮೌಲ್ಯವರ್ಧಿತ ತೆರಿಗೆಗೆ ಸೇರಿದ ವಿಷಯವಾಗಿತ್ತು. ಗೋಡೆಗೇ ಬೆಸೆದುಕೊಂಡ ಕಪಾಟಿನ ಮಾತು ಹಾಗಲ್ಲ. ಬೆಂಗಳೂರಿನ ಕ್ರಾಫ್ಟ್ ಇಂಟೀರಿಯರ್ಸ್ ಸಂಸ್ಥೆಯ ಮೊಕದ್ದಮೆಯಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪೀಠೋಪಕರಣವೆಂಬ ಪದವು ಸಾಮಾನ್ಯವಾಗಿ ಮೇಜು, ಕುರ್ಚಿಗಳಂತಹ ಚರ ವಸ್ತುಗಳನ್ನು ಸೂಚಿಸುತ್ತದೆ ಎಂದಿತು. ಅದು ಕೇಂದ್ರ ಅಬಕಾರಿ ಸುಂಕದ ಮೊಕದ್ದಮೆ. ಆದರೂ ಚರ, ಸ್ಥಿರಗಳ ಭೇದವನ್ನು ತಿಳಿಯಲು ಉಪಯುಕ್ತವಾದುದು.

ಆ ಭೇದ ಇಂದಿಗೂ ಬೇಕಾಗುತ್ತದೆ. ಸರಕು ಮತ್ತು ಸೇವಾ ತೆರಿಗೆಯಲ್ಲಿ ಕಾಮಗಾರಿ ಗುತ್ತಿಗೆಯೆಂಬುದು ಸ್ಥಿರಾಸ್ತಿಗೆ ಮಾತ್ರ ಸೀಮಿತ. ಬಡಗಿಯ ಕೆಲಸದ ಸೇವಾ ಸಂಕೇತ 995476, ಒಳಾಂಗಣ ವಿನ್ಯಾಸದ್ದು 998391. ಮಹಾರಾಷ್ಟ್ರದಲ್ಲಿ ಸೇವೆ ಒದಗಿಸುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಅಗತ್ಯ. ಸರಕನ್ನು ಮಾತ್ರ ಮಾರುವವರಿಗೆ ಸಾಮಾನ್ಯವಾಗಿ ಆ ಮಿತಿ 40 ಲಕ್ಷ. ಸಮುಚ್ಚಯದ ಭಾಗವಲ್ಲದ ಒಂಟಿ ಮನೆಯ ಹೊಸ ನಿರ್ಮಾಣದಲ್ಲಿ ಕೂಲಿಯನ್ನು ಮಾತ್ರ ಪಡೆದು ಮಾಡುವ ಕೆಲಸಕ್ಕೆ ವಿನಾಯಿತಿಯಿದೆ. ಫ್ಲ್ಯಾಟಿನ ನವೀಕರಣಕ್ಕೆ ಇದನ್ನು ಅನ್ವಯಿಸಿಕೊಳ್ಳಲಾಗದು.

ಬಿಲ್ಲಿನ ನೆತ್ತಿಯ ಮೇಲೆ ‘ಇಂಟೀರಿಯರ್ ಡೆಕೊರೇಟರ್’ ಎಂದು ಅಚ್ಚು ಹಾಕಿಸುವ ಅಭ್ಯಾಸ ನಮ್ಮ ಕಡೆ ಹೇರಳವಾಗಿದೆ. ಗಿರಾಕಿಯ ಕಣ್ಣಿಗೆ ಅದು ಘನತೆಯಾಗಿ ಕಾಣಬಹುದು. ಅಧಿಕಾರಿಯ ಕಣ್ಣಿಗೆ ಸಾಕ್ಷ್ಯವಾಗಿ ಕಾಣುತ್ತದೆ. ವರ್ಗೀಕರಣವನ್ನು ನಿರ್ಧರಿಸುವುದು ನಿಜವಾಗಿ ಮಾಡಿದ ಕೆಲಸವೇ ಹೊರತು ಅಚ್ಚಾದ ಹೆಸರಲ್ಲ. ಆದರೆ ಕೆಲಸ ಏನೆಂಬುದನ್ನು ಹತ್ತು ವರ್ಷಗಳ ನಂತರ ತೋರಿಸಿಕೊಡಬೇಕಾದುದು ಕಾಗದಗಳೇ: ಕೆಲಸದ ಆದೇಶ ಪತ್ರ, ವಾಸ್ತುಶಿಲ್ಪಿ ಕೊಟ್ಟ ನಕ್ಷೆ, ಪ್ಲೈವುಡ್ ಖರೀದಿಯ ರಸೀತಿ, ಮೌಲ್ಯವರ್ಧಿತ ತೆರಿಗೆ ಕಟ್ಟಿದ ಚಲನ್ನು.

ಹಳೆಯ ನೋಟೀಸಿನ ಮೇಲೆ ಈಗ ಆದೇಶ ಕೈಸೇರಿದ್ದರೆ, ಅದು ತಲುಪಿದ ದಿನದಿಂದ 2 ತಿಂಗಳೊಳಗೆ ಆಯುಕ್ತರ (ಮೇಲ್ಮನವಿ) ಮುಂದೆ ಅರ್ಜಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಅವರು ಇನ್ನೊಂದು ತಿಂಗಳ ವಿಳಂಬವನ್ನು ಮನ್ನಿಸಬಹುದು. ಅದಕ್ಕೂ ಮೀರಿದುದನ್ನು ಮನ್ನಿಸುವ ಅಧಿಕಾರ ಅವರಿಗಿಲ್ಲ. ವಿವಾದಿತ ತೆರಿಗೆಯ ಶೇಕಡಾ 7.5ನ್ನು ಮೊದಲೇ ಠೇವಣಿಯಿಡಬೇಕಾಗುತ್ತದೆ. ಆದ್ದರಿಂದ ಅಂಚೆಯ ಲಕೋಟೆಯನ್ನು ಎಸೆಯದಿರಿ. ಆದೇಶ ಕೈಸೇರಿದ ದಿನಾಂಕಕ್ಕೆ ಅದೂ ಒಂದು ಆಧಾರ.